ಯಾರ ಹುಟ್ಟುಹಬ್ಬ ಈಚೆಗೆ ಆಯಿತು?

೨೦೧೮ರ ಅಕ್ಟೋಬರಿನಲ್ಲಿ ಅಮೆರಿಕದವರ ಮನಸ್ಸು ತಿಳಿಯುವ ಕೆಲಸ ನನ್ನದು. ನನ್ನ ಮನಸ್ಸು ತಿಳಿಯುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಅಮೆರಿಕದ ಗಡಿಗೆ ಈಚೆಗಿರುವ ಮೆಡೋವೇಲ್‌ನ ಆಫೀಸಿನಲ್ಲಿ ಕೂತು, ಆಚೆಯ ಓಹಾಯೋ ರಾಜ್ಯದ ಮನೆಗಳಿಗೆ ಫೋನು ಹಚ್ಚಿ, ಚುನಾವಣೆಯ ಸಮೀಕ್ಷೆಗೆ ಪ್ರಶ್ನೆ ಕೇಳುತ್ತಿದ್ದೆ. ನಮ್ಮ ಅಂಕಿಗಳಿಗೆ ಅಲ್ಲಿನ ದೊಡ್ಡ ದೊಡ್ಡ ಲೀಡರುಗಳೂ ಕಾಯುತ್ತಾರಂತೆ. ಆದರೆ ಫೋನು ಎತ್ತಿದವರನ್ನೇ ಕೇಳುವಂತಿಲ್ಲ. ಮನೆಯ ದೊಡ್ಡವರಲ್ಲಿ ಯಾರ ಹುಟ್ಟುಹಬ್ಬ ಎಲ್ಲರಿಗಿಂತ ಈಚೆಗೆ ಆಗಿದೆಯೋ ಅವರನ್ನೇ ಕೇಳಬೇಕು. ಇಲ್ಲದಿದ್ದರೆ ಬಾಯಿದ್ದವರದ್ದೇ ಊರಿನ ಅಭಿಪ್ರಾಯವಾಗಿಬಿಡುತ್ತದೆ.

ಒಂದು ಶುಕ್ರವಾರ ಫೋನೆತ್ತಿದ ಗಂಡಸು, ಈಚೆಗೆ ಆದದ್ದು ಹೆಂಡತಿಯ ಹುಟ್ಟುಹಬ್ಬ ಎಂದ. ಅವಳನ್ನೇಕೆ ಕರೆಯಬೇಕು, ಇಬ್ಬರದೂ ಒಂದೇ ಪಕ್ಷ, ತನ್ನ ಉತ್ತರವನ್ನೇ ಬರೆದುಕೊಳ್ಳಿ ಎಂದು ಪಕ್ಷದ ಹೆಸರನ್ನೂ ಹೇಳಿದ. ನಾನು ಬಿಡಲಿಲ್ಲ. ಆಕೆ ಬಂದು ಮೆಲ್ಲಗೆ ಉತ್ತರಿಸಿದಳು. ವೋಟು ಯಾರಿಗೆ ಎಂದಾಗ ದನಿ ಇನ್ನೂ ತಗ್ಗಿಸಿ ಇನ್ನೊಂದು ಪಕ್ಷದ ಹೆಸರು ಹೇಳಿದಳು. ಕೇಳಿದ್ದಕ್ಕೆ ಥ್ಯಾಂಕ್ಸ್ ಅಂದಳು. ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ನನ್ನ ಗಂಡ ನಿಜಗುಣ ದೂರದ ಬೋಲ್ಟನ್ ಊರಿನ ಮನೆಯೊಂದರ ಫೋಟೊ ಹಿಡಿದು ಕೂತಿದ್ದ. ಅಲ್ಲಿಂದ ಅವನು ಕೆಲಸ ಮಾಡುವ ವೇರ್‌ಹೌಸು ಐದೇ ನಿಮಿಷ. ಕಾರು ಓಡಿಸಲು ಬಾರದ ನನಗೆ ಅಲ್ಲಿಂದ ಆಫೀಸಿಗೆ ಸರಿಯಾದ ಬಸ್ಸಿಲ್ಲ. ಅಲ್ಲಿಗೆ ಮನೆ ಬದಲಿಸಿದರೆ ನನ್ನ ಕೆಲಸ ಹೋದಂತೆಯೇ.

"ನಾಳೆ ಏಜೆಂಟ್‌ಗ ಹೂಂ ಅಂತೀನಿ. ಎಲ್ಲಾರದೂ ಒಪ್ಪಿಗಿ ಐತಿ," ಎಂದ.

"ಯಾರನ್ನ ಕೇಳಿದಿ?"

"ನಾ ಅಂದ್ರ ಎಲ್ಲಾರೂ ಅಂದಂಗ."

ಸಿಟ್ಟು ನೆತ್ತಿಗೇರಿತು. "ಹಂಗಾರ ನಮ್ಮ ಆಫೀಸ್ ರೂಲ್ ಹಚ್ಚೂಣು. ಬರ್ತ್‌ಡೇ ಯಾರದು ಈಚೆಗೆ ಆಗೇತಿ, ಅವರು ಹೇಳಿದ್ದ ಖರೆ."

ಹೇಳಿದ ಮೇಲೆ ತಿಂಗಳು ಎಣಿಸಿದೆ. ನನ್ನದು ಜನವರಿ, ಅವನದು ಮಾರ್ಚ್. ಅತ್ತೆ ಶಾರದವ್ವ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ ಒಂದನೇ ತಾರೀಖೇ ಪಾಸ್‌ಪೋರ್ಟಿಗೂ ಬಂದಿದೆ. ಅಂದರೆ ಹೇಳಬೇಕಾದವರು ಮಗನ ಮಾತಿಗೆ ಎಂದೂ ಎದುರಾಡದ ಅತ್ತೆ! ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ನಿಜಗುಣ ನಕ್ಕ. "ಹೇಳ ಬೇ ಯವ್ವಾ."

ಆದರೂ ರೂಲು ರೂಲೇ. ಫೋನಿನ ದನಿಯಲ್ಲೇ, ಯಾವ ಕಡೆಗೂ ವಾಲದೆ ಕೇಳಿದೆ. "ಅತ್ತಿ, ಬೋಲ್ಟನ್‌ಗೆ ಹೋಗೂದಕ್ಕ ನಿಮ್ಮ ಒಪ್ಪಿಗಿ ಐತೋ, ಇಲ್ಲೋ, ಹೇಳಾಕ ಆಗಂಗಿಲ್ಲೋ?"

ಅತ್ತೆ ಕೈಯ ರೊಟ್ಟಿಹಿಟ್ಟು ಕೊಡವಿಕೊಂಡರು. "ಎಪ್ಪತ್ತು ವರ್ಷದಾಗ ಇದ ಮೊದಲ ಸಲ ನನ್ನ ಯಾರರ ಕೇಳಿದ್ದು," ಎಂದರು. "ಒಪ್ಪಿಗಿ ಇಲ್ಲ. ಇಲ್ಲಿ ನಾ ಒಬ್ಬಾಕಿನ ಬಸ್ ಹತ್ತಿ ಗೆಳತೇರ ಮನಿಗೆ ಹೋಗಾಕ ಕಲ್ತೀನಿ. ಅಲ್ಲಿ ಮತ್ತ ನಿನ್ನ ಕಾರಿನ ದಾರಿ ಕಾಯಬೇಕು."

ನಿಜಗುಣ ಫೋಟೊ ಕೆಳಗಿಟ್ಟ. ನನ್ನ ಕಣ್ಣು ತುಂಬಿ ಬಂತು.

"ಇನ್ನೂ ಮುಗದಿಲ್ಲ," ಅತ್ತೆ ನನ್ನತ್ತ ಕೈ ತೋರಿ ಅವನ ಕಡೆ ತಿರುಗಿದರು. "ಈಗ ದ್ರಾಕ್ಷಾಯಿಣಿನ್ನೂ ಕೇಳು. ಬರ್ತ್‌ಡೇ ಹಳೇದಾದ್ರೂ ನಡೀತೈತಿ."

ನಿಜಗುಣ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಕೂತು, "ನಿನ್ನ ಒಪ್ಪಿಗಿ ಐತೋ, ಇಲ್ಲೋ?" ಎಂದು ಕೇಳಿದ.