ಪಾರಣೆಯ ಮೂರು ಗುಳಿಗೆ

“ಕುತ್ತಿಗಿ ಕೆಳಗ ಕೈ ಕೊಡ ದುರ್ಗವ್ವಾ, ಕುತ್ತಿಗಿ ಕೆಳಗ! ಅದು ಕೂಸು, ಅರಿವಿ ಗಂಟಲ್ಲ,” ಎಂದು ಸಾವಿತ್ರೀಬಾಯಿ ಬಚ್ಚಲಿನ ಹೊಸ್ತಿಲಾಚೆ ಮಣೆಯ ಮೇಲೆ ಕುಳಿತಲ್ಲಿಂದಲೇ ಕೂಗಿದಳು.

ದುರ್ಗವ್ವ ತಿರುಗಿಯೂ ನೋಡಲಿಲ್ಲ. ಚಾಚಿದ ಕಾಲ ಮೇಲೆ ಎರಡು ತಿಂಗಳ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಕಡಲೆಹಿಟ್ಟು ತಿಕ್ಕುತ್ತಿದ್ದಳು. ಹಂಡೆಯ ನೀರಿನ ಹಬೆಯ ನಡುವೆ ಕೂಸು ಮನೆಯ ಮಾಳಿಗೆ ಹಾರಿಹೋಗುವಂತೆ ಚೀರುತ್ತಿತ್ತು.

“ಬಾಯಾರ, ನಾನೂ ನಾಕು ಹಡದೇನ್ರಿ,” ಎಂದಳು ಕಡೆಗೆ. “ನಿಮಗಿಂತ ಈ ಕೂಸ ಚಲೋ. ಅಳತೈತಿ ಅಷ್ಟ, ಕಲಿಸಾಕ ಬರೂದಿಲ್ಲ.”

ಮುದ್ದೇಬಿಹಾಳದ ಆ ಓಣಿಯಲ್ಲಿ ಸಾವಿತ್ರೀಬಾಯಿಯ ಕಾಲ ಮೇಲೆ ಮಲಗದೆ ದೊಡ್ಡವರಾದವರು ಕಡಿಮೆ. ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟವನು, ಕಾಲೇಜಿನಲ್ಲಿ ಪಾಠ ಹೇಳುವವಳು, ಎಲ್ಲರ ಮೂಗು ತಿದ್ದಿದ್ದು ಈಕೆಯ ಹೆಬ್ಬೆರಳೇ. ಯಾರದಾದರೂ ಮೂಗು ಚಪ್ಪಟೆಯಾಗಿ ಕಂಡರೆ, “ಅವ ಹುಟ್ಟಿದಾಗ ನಾ ಕಾಶಿಗೆ ಹೋಗಿದ್ದೆ,” ಎಂದು ಕೈ ತೊಳೆದುಕೊಳ್ಳುತ್ತಿದ್ದಳು. ಅಂಥವಳು ಈಗ ಮಗಳು ಗೌತಮಿ ಬಾಣಂತನಕ್ಕೆ ಸಿಂದಗಿಯಿಂದ ಬಂದಿರುವಾಗ, ಸ್ವಂತ ಮೊಮ್ಮಗಳಿಗೆ ಒಂದು ತಂಬಿಗೆ ನೀರು ಹಾಕಲಾರದೆ ಹೊಸ್ತಿಲಾಚೆ ಕುಳಿತಿದ್ದಳು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಫಿಟ್ಸು ನಿಲ್ಲುವತನಕ ಒಲೆ ಬೇಡ, ಬಿಸಿನೀರು ಬೇಡ, ಕಾಲ ಮೇಲೆ ಕೂಸಂತೂ ಬೇಡವೇ ಬೇಡ. ಐದು ತಿಂಗಳು ತುಂಬಿದರೆ ಗೌತಮಿ ಕೂಸನ್ನೆತ್ತಿಕೊಂಡು ಅತ್ತೆಯ ಮನೆಗೆ ಹೊರಡುವವಳು. ಅಷ್ಟರೊಳಗೆ ಒಂದೇ ಒಂದು ಸಲ ಎರೆಯಬೇಕು ಎನ್ನುವುದು ಬಿಟ್ಟರೆ ಸಾವಿತ್ರೀಬಾಯಿಗೆ ಬೇರೆ ಆಸೆ ಇರಲಿಲ್ಲ.

ಒಂದೂವರೆ ವರ್ಷದ ಹಿಂದೆ ಆಕೆಯ ತಲೆಯಲ್ಲಿ ಸಣ್ಣಗೆ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ಉಳಿದವು, ಮಾತೂ ಉಳಿಯಿತು. ಆದರೆ ಆಮೇಲೆ ಮೂರ್ಛೆ ಬರತೊಡಗಿತು. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ಗುಳಿಗೆ ಎಂದಾಯಿತು. ತಹಸೀಲ ಕಚೇರಿಯಿಂದ ನಿವೃತ್ತರಾದ ಗಂಡ ಜಯತೀರ್ಥರಾಯರು ಮೊಬೈಲಿನಲ್ಲಿ ಅಲಾರಂ ಇಟ್ಟು, ಹೊತ್ತಿಗೆ ಸರಿಯಾಗಿ ಗುಳಿಗೆಯನ್ನು ಹೆಂಡತಿಯ ಅಂಗೈಯಲ್ಲಿ ಇಡುತ್ತಿದ್ದರು. ಇಷ್ಟಾದರೂ ನಾಲ್ಕು ಸಲ ಬಿದ್ದಳು. ರಾಯರು ಪ್ರತಿ ಸಲವೂ ತಾರೀಖು ಬರೆದಿಟ್ಟು ಡಾಕ್ಟರಿಗೆ ಒಪ್ಪಿಸಿದರು. ಡಾಕ್ಟರು ಗುಳಿಗೆಯ ಶಕ್ತಿಯನ್ನು ಎರಡು ಸಲ ಏರಿಸಿದರು. ಈಗೀಗ ಸಾವಿತ್ರೀಬಾಯಿಗೆ ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ. ಒಂದೊಂದು ದಿನ ತಲೆ ತಿರುಗಿ ಒಂದು ಎರಡಾಗಿ ಕಾಣುತ್ತಿತ್ತು.

“ಎಷ್ಟ ಗುಳಿಗಿ ನುಂಗಿದ್ರೂ ಅಷ್ಟ,” ಎಂದು ಇವತ್ತೂ ನಿಟ್ಟುಸಿರು ಬಿಟ್ಟಳು. “ನನ್ನ ಹಣೇಬಾರದಾಗ ಈ ಕೂಸಿಗೆ ಎರಿಯೋದು ಬರದಿಲ್ಲ.”

ದುರ್ಗವ್ವ ಕೂಸನ್ನು ಅಂಗಾತ ತಿರುಗಿಸಿದಳು. ಅವಳು ಈ ಮನೆಯಲ್ಲಿ ಹನ್ನೆರಡು ವರ್ಷದಿಂದ ಪಾತ್ರೆ ತಿಕ್ಕುವವಳು. ಕೂಸಿಗೆ ಎರೆಯುವ ಕೆಲಸ ಮೊನ್ನೆ ಮೊನ್ನೆ ಸೇರಿದ್ದು.

“ಒಂದು ಮಾತು ಕೇಳಲ್ರಿ ಬಾಯಾರ? ಸಿಟ್ಟಾಗಬ್ಯಾಡ್ರಿ. ನೀವು ಬಿದ್ದಿದ್ದೆಲ್ಲಾ ಭಾಂಡೆ ಇರಲಾರದ ದಿನಾನ ನೋಡ್ರಿ.”

“ಅಂದ್ರ?”

“ನಿಮ್ಮ ಉಪಾಸದ ದಿನ. ಬಾಣಂತಿ ತಾಟು ಬಿಟ್ರ ಅವತ್ತ ತಿಕ್ಕಾಕ ರಾಯರ ಹಾಲಿನ ವಾಟಗ ಒಂದ ಇರತೈತಿ. ತುಳಸಿಕಟ್ಟಿ ಮುಂದ ಬಿದ್ದಾಗ ಹಂಗ ಇತ್ತು. ಹೋದ ತಿಂಗಳ ರಂಗೋಲಿ ಹಾಕ್ತ ಹಾಕ್ತ ಬಿದ್ರಲ್ಲ, ಅದರ ಹಿಂದಿನ ದಿನಾನೂ ಭಾಂಡೆ ಇರಲಿಲ್ಲ. ಉಪಾಸದಾಗ ಗುಳಿಗಿ ತೊಗೋತೀರೋ ಇಲ್ಲೋ?”

ರಾಯರು ಬರೆದಿಟ್ಟದ್ದು ಇಂಗ್ಲಿಷ್ ತಾರೀಖು. ಅದರಲ್ಲಿ ತಿಥಿ ಯಾರಿಗೂ ಕಂಡಿರಲಿಲ್ಲ. ಸಾವಿತ್ರೀಬಾಯಿಯ ಮುಖ ಕೆಂಪಾಯಿತು.

“ಏನ ಮಾತಾಡ್ತೀ? ಏಕಾದಶಿ ದಿನ ಹನಿ ನೀರು ಬಾಯಾಗ ಹಾಕಲಾರದಾಕಿ ನಾ, ಗುಳಿಗಿ ಹ್ಯಾಂಗ ನುಂಗಲಿ? ಹಂಗಂತ ಬಿಟ್ಟೇನಿ ಏನು? ಮರುದಿನ ಪಾರಣಿ ಆದಕೂಡ್ಲೆ ಹಿಂದಿನ ಎರಡು, ಅವತ್ತಿಂದೊಂದು, ಮೂರೂ ಕೂಡಿಸಿ ನುಂಗ್ತೀನಿ. ಒಂದೂ ತಪ್ಪಿಸಿಲ್ಲ!”

ಟವೆಲ್ ಹಿಡಿದು ಹಿಂದೆ ನಿಂತಿದ್ದ ಗೌತಮಿ ಅಲ್ಲೇ ಗೋಡೆಗೆ ಒರಗಿದಳು. “ಅವ್ವಾ,” ಎಂದಳು, “ಅಪ್ಪ ಕೈಯಾಗ ಇಟ್ಟಿದ್ದು ಎಲ್ಲಿ ಹೋಗ್ತಿತ್ತು?”

ಸಾವಿತ್ರೀಬಾಯಿ ಸೆರಗಿನ ತುದಿ ತೋರಿಸಿದಳು. ಏಕಾದಶಿಯಂದು ಅಲ್ಲಿ ಎರಡು ಗುಳಿಗೆ ಗಂಟಿನಲ್ಲಿ ಉಪವಾಸ ಮಾಡುತ್ತಿದ್ದವು.

ಅವತ್ತು ದಶಮಿ. ಸಂಜೆಯೇ ಗಂಡ ಹೆಂಡತಿ ಇಬ್ಬರೂ ಆಟೋದಲ್ಲಿ ದವಾಖಾನೆಗೆ ಹೋದರು. ರಾಯರಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗಿತ್ತು. ಮೂವತ್ತೈದು ವರ್ಷ ಊರ ಮಂದಿಯ ಕಾಗದ ಪತ್ರದ ತಪ್ಪು ಹಿಡಿದವರಿಗೆ ಮನೆಯಲ್ಲೇ ಮಂಕುಬೂದಿ ಬಿದ್ದಿತ್ತು.

ಡಾಕ್ಟರ್ ಶಮಾ ಎಲ್ಲ ಕೇಳಿ ಬೈಯಲಿಲ್ಲ. ಹಳೆಯ ಚೀಟಿಗಳನ್ನು ತೆಗೆದು ತಾರೀಖು ನೋಡಿದರು, ರಾಯರು ಪಂಚಾಂಗ ತಿರುವಿ ತಿಥಿ ಹೇಳುತ್ತ ಹೋದರು. ನಾಲ್ಕಕ್ಕೆ ನಾಲ್ಕೂ ಏಕಾದಶಿಯ ಸಂಜೆ, ಇಲ್ಲವೆ ದ್ವಾದಶಿಯ ನಸುಕು.

“ನಾ ಗುಳಿಗಿ ಸಾಲೂದಿಲ್ಲ ಅಂತ ತಿಳಕೊಂಡು ಏರಿಸಿದ್ನಿ ನೋಡ್ರಿ. ತಪ್ಪು ಗುಳಿಗೀದಲ್ಲ,” ಎಂದರು. “ಸಾವಿತ್ರೀಬಾಯಾರ, ದೇವರ ಮನ್ಯಾಗ ನಂದಾದೀಪ ಇಡ್ತೀರಲ್ಲ? ಎಣ್ಣಿ ತೀರಿ ದೀಪ ಆರಿದ ಮ್ಯಾಲ ಮರುದಿನ ಮೂರು ಪಟ್ಟು ಎಣ್ಣಿ ಸುರದ್ರ, ಹೋದ ರಾತ್ರಿಗೆ ಬೆಳಕು ಬರತದೇನ್ರಿ?”

“ಎಣ್ಣಿ ಚೆಲ್ಲತದ,” ಎಂದಳು ಸಾವಿತ್ರೀಬಾಯಿ ಮೆಲ್ಲಗೆ.

“ಹೌದಲ್ರಿ? ಹಂಗ ಚೆಲ್ಲಿದ್ದಕ್ಕ ದ್ವಾದಶಿ ದಿನ ನಿಮಗ ತಲಿ ತಿರಗೋದು, ಕಣ್ಣಾಗ ಎರಡೆರಡು ಕಾಣೋದು. ಮೈಯಾಗ ಔಷಧ ಹಗಲು ರಾತ್ರಿ ಒಂದ ಸಮ ಇರಬೇಕು. ಅದರಾಗ ನಿಮ್ಮದು ಖಾಲಿ ಹೊಟ್ಟಿ, ಮ್ಯಾಲ ನಸುಕಿನಾಗ ಮೂರಕ್ಕ ಏಳ್ತೀರಿ, ನಿದ್ದಿನೂ ಇಲ್ಲ. ಬ್ಯಾರೆ ದಿನ ಅಕಸ್ಮಾತ್ ಮರತ್ರ ನೆನಪಾದಕೂಡ್ಲೆ ತೊಗೋರಿ. ಮುಂದಿನ ಗುಳಿಗಿ ಹೊತ್ತು ಹತ್ತರ ಬಂದಿದ್ರ ಅದೊಂದ ಸಾಕು, ಜೋಡಿ ಮಾಡಬ್ಯಾಡ್ರಿ.”

“ಹಂಗಾದ್ರ ಏಕಾದಶಿ ಬಿಡು ಅಂತೀರಿ.”

“ನಾ ಯಾಕ ಅನ್ಲಿ? ನಮ್ಮ ಅಮ್ಮೀನೂ ರಂಜಾನ್ ರೋಜಾದಾಗ ಹಿಂಗ ಕಳ್ಳಾಟ ಆಡ್ತಿದ್ಲು. ನಸುಕಿನ ಸಹರಿಗೊಂದು, ಸಂಜಿ ಇಫ್ತಾರಕ್ಕೊಂದು ಅಂತ ಹೊತ್ತು ಹೊಂದಿಸಿಕೊಟ್ಟೆ. ನಿಮ್ಮದಕ್ಕ ಹಂಗ ಹೊಂದ್ಸಲಿಕ್ಕೆ ಬರೂದಿಲ್ಲ, ಇಡೀ ಹಗಲು ರಾತ್ರಿ ಹಿಡೀತೀರಿ. ಗುಳಿಗಿ, ಗುಳಿಗಿ ಜೋಡಿ ನೀರು, ಒಂದಿಷ್ಟು ಹಾಲು ಹಣ್ಣು. ಅಷ್ಟು ಸಡಿಲ ಮಾಡ್ರಿ. ಏರಿಸಿದ ಗುಳಿಗೀನ ನಾ ಸಾವಕಾಶ ಇಳಸ್ತೀನಿ. ನೀವಾಗಿ ಇಳಸಬ್ಯಾಡ್ರಿ, ನಿಲ್ಲಿಸಬ್ಯಾಡ್ರಿ.”

“ಮತ್ತ ಕೂಸು?”

ಡಾಕ್ಟರು ಚೀಟಿ ಬರೆಯತೊಡಗಿದರು. “ಮೂರು ತಿಂಗಳು ಒಂದೂ ತಪ್ಪಲಾರದ ನುಂಗ್ರಿ. ಫಿಟ್ಸು ಬರಲಿಲ್ಲಂದ್ರ ನೋಡೋಣ. ಅವಾಗೂ ಒಬ್ಬಾಕೀನ ಕೂಡಬ್ಯಾಡ್ರಿ. ಬಿಸಿನೀರು ಬ್ಯಾರೆಯವರ ಕೈಯಾಗಿರಲಿ.”

ರಾತ್ರಿ ಸಾವಿತ್ರೀಬಾಯಿ ಏಕಾದಶಿಯ ಲೆಕ್ಕ ಹಾಕುತ್ತ ಮಲಗಿದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದ ವರ್ಷ ಅತ್ತೆ ಹಿಡಿಸಿದ ವ್ರತ ಅದು. ನಲವತ್ತೇಳು ವರ್ಷ ನೀರೂ ಮುಟ್ಟದೆ ನಡೆಸಿದ್ದಳು. ಗಂಡ ಸಕ್ಕರೆ ಕಾಯಿಲೆಯ ನೆಪದಲ್ಲಿ ಹಾಲು ಹಣ್ಣಿಗೆ ಇಳಿದಾಗ ಆರು ತಿಂಗಳು ಛೇಡಿಸಿದ್ದಳು. ಭಜನಿ ಮಂಡಳಿಯಲ್ಲಿ ಹೊಸಬರಿಗೆ ಆಕೆಯನ್ನು ತೋರಿಸಿ, “ಇವ್ರದು ಇಂದಿಗೂ ನಿರ್ಜಲ ನೋಡ್ರಿ,” ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಆಕೆಗೆ ಹೊಟ್ಟೆ ತುಂಬುತ್ತಿತ್ತು. ದೇವರ ಮೇಲಿನ ಭಕ್ತಿ ಎಷ್ಟು, ಈ ಹೆಸರಿನ ಮೇಲಿನ ಆಸೆ ಎಷ್ಟು ಎಂದು ಅವಳು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

ಏಕಾದಶಿಯ ಬೆಳಿಗ್ಗೆ ಎಂಟಕ್ಕೆ ಅಲಾರಂ ಬಡಿಯಿತು. ರಾಯರು ಗುಳಿಗೆಯನ್ನು ಅಂಗೈಯಲ್ಲಿಟ್ಟು, ಎಂದಿನಂತೆ ಹೋಗಿಬಿಡದೆ ಎದುರಿಗೇ ಕುಳಿತರು.

“ಔಷಧದಿಂದ ವ್ರತ ಕೆಡೂದಿಲ್ಲ ಅಂತ ಶಾಸ್ತ್ರದಾಗ ಅದ,” ಎಂದರು.

“ನನಗ ಗೊತ್ತಿಲ್ಲೇನು? ಅದು ಅಶಕ್ತರಿಗೆ ಹೇಳಿದ್ದು.”

“ಮತ್ತ?”

“ನಾ ಅಶಕ್ತಳೇನು?”

ಬಚ್ಚಲಿನಲ್ಲಿ ದುರ್ಗವ್ವ ನೀರು ಹದಮಾಡುವ ಸದ್ದು ಕೇಳುತ್ತಿತ್ತು. ಗೌತಮಿ ಕೂಸನ್ನೆತ್ತಿಕೊಂಡು ಎದುರಿಗೇ ಹಾದುಹೋದಳು. ಎಣ್ಣೆ ಹಚ್ಚಿದ ಆ ಪುಟ್ಟ ಮೈ ಮಿರುಗುತ್ತಿತ್ತು, ಕಾಲೆರಡೂ ಗಾಳಿಯಲ್ಲಿ ಒದೆಯುತ್ತಿದ್ದವು. ಸಾವಿತ್ರೀಬಾಯಿ ತನ್ನ ಕೈಗಳನ್ನು ನೋಡಿಕೊಂಡಳು. ರಂಗೋಲಿಯ ಮೇಲೆ ಬಿದ್ದಾಗ ಈ ಕೈಯಲ್ಲಿದ್ದ ಪುಡಿಯ ಬಟ್ಟಲು ಅಂಗಳದ ಆ ತುದಿಗೆ ಹೋಗಿ ಬಿದ್ದಿತ್ತಂತೆ. ಅವತ್ತು ಈ ಕೈಯಲ್ಲಿ ಕೂಸಿದ್ದಿದ್ದರೆ ಎಂದು ಯೋಚಿಸಿದಳು.

“ಹೌದು,” ಎಂದಳು. “ಅಶಕ್ತಳ ಇದ್ದೀನಿ.”

ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ನೀರು ಬೇಡ, ತೀರ್ಥದಲ್ಲೇ ನುಂಗುತ್ತೇನೆ ಎಂದು ಉದ್ಧರಣೆಯಲ್ಲಿ ಒಂದೇ ಒಂದು ಗುಟುಕು ತಂದಳು. ಗುಳಿಗೆ ಗಂಟಲಲ್ಲಿ ನಿಂತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ರಾಯರು ಓಡಿಹೋಗಿ ತುಂಬಿದ ವಾಟಗ ತಂದು ತುಟಿಗೆ ಹಿಡಿದರು. ಹಿಡಿದದ್ದೇ ತಡ, ಗಟಗಟನೆ ತಳ ಕಾಣುವತನಕ ಕುಡಿದಳು. ನಲವತ್ತೇಳು ವರ್ಷದಲ್ಲಿ ಏಕಾದಶಿಯ ನೀರಿನ ರುಚಿ ಆಕೆಗೆ ಗೊತ್ತಾದದ್ದು ಅದೇ ಮೊದಲು. ಸಿಡಿಲೇನೂ ಬಡಿಯಲಿಲ್ಲ.

“ಇನ್ನೊಂದು ವಾಟಗ?” ಎಂದರು ರಾಯರು.

“ಛೇಡ್ಸಬ್ಯಾಡ್ರಿ,” ಎಂದು ಗದರಿದಳು, ಆಮೇಲೆ ಕೈ ಮುಂದೆ ಮಾಡಿದಳು.

ಇನ್ನೊಂದು ಗುಳಿಗೆ ಬಾಕಿ ಇತ್ತು. ರಾತ್ರಿ ಎಂಟಕ್ಕೆ ಅಲಾರಂ ಬಡಿದಾಗ ಪಡಸಾಲೆಯಲ್ಲಿ ಭಜನಿ ಮಂಡಳಿಯ ಹನ್ನೊಂದು ಹೆಂಗಸರು ಕುಳಿತಿದ್ದರು. ಒಳಗೆ ಹೋಗಿ ನುಂಗಿ ಬರಬಹುದಿತ್ತು. ಸಾವಿತ್ರೀಬಾಯಿ ತಾಳ ಕೆಳಗಿಟ್ಟು ಅಲ್ಲಿಯೇ, ಎಲ್ಲರ ಎದುರಿಗೆ, ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. ಹಾಡು ನಿಂತಿತು. ಹನ್ನೊಂದು ಜೊತೆ ಕಣ್ಣು ಆಕೆಯ ಮೇಲೆ.

“ನನಗ ಮೂರ್ಛಿ ಬರ್ತದ. ಗುಳಿಗಿ ಬಿಡೂಹಂಗಿಲ್ಲ,” ಎಂದಳು. ಹೊರಗಿನವರ ಮುಂದೆ ಆ ಶಬ್ದ ಆಡಿದ್ದು ಅದೇ ಮೊದಲು. “ಇನ್ನ ಮ್ಯಾಲೆ ನಂದು ನಿರ್ಜಲ ಇಲ್ಲ.”

ಹಿಂದೆ ಕುಳಿತಿದ್ದ ನಿವೃತ್ತ ಶಿಕ್ಷಕಿ ವಸುಧಾಬಾಯಿ ಪರ್ಸಿಗೆ ಕೈ ಹಾಕಿದಳು. “ಸಾವಿತ್ರೀ, ಇನ್ನೊಂದು ವಾಟಗ ನೀರು ಸಿಕ್ತದೇನ? ನಂದು ಬಿಪಿ ಗುಳಿಗಿ ಪರ್ಸಿನಾಗ ಅದ. ನಿನ್ನ ಅಂಜಿಕಿಗೆ ಇಷ್ಟು ವರ್ಷ ಮನಿಗೆ ಹೋಗಿ ನುಂಗ್ತಿದ್ದೆ.” ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತು ಹಾಡು ಮುಗಿದದ್ದು ತಡವಾಗಿ, ಒಂಬತ್ತೂವರೆಗೆ.

ಆಮೇಲೆ ಆರು ಏಕಾದಶಿ ಬಂದವು, ಹೋದವು. ತೂಕಡಿಕೆ ಕಡಿಮೆಯಾಯಿತು. ದ್ವಾದಶಿಯ ದಿನ ರಂಗೋಲಿಯ ಎಳೆ ಒಂದೊಂದೇ ಆಗಿ ಕಂಡಿತು. ಒಮ್ಮೆ ಔಷಧದ ಅಂಗಡಿಯವನು ಬೇರೆ ಕಂಪನಿಯ ಗುಳಿಗೆ ಕೊಟ್ಟಾಗ, ಸಾವಿತ್ರೀಬಾಯಿಯೇ ಬಣ್ಣ ನೋಡಿ ವಾಪಸು ಕಳಿಸಿ, ಡಾಕ್ಟರನ್ನು ಕೇಳದೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಈ ಹಟವನ್ನು ಮಾತ್ರ ರಾಯರು ಮನಸಾರೆ ಮೆಚ್ಚಿದರು. ಮೂರು ತಿಂಗಳಾದ ಮೇಲೆ ಡಾಕ್ಟರ್ ಶಮಾ ಚೀಟಿಯ ಮೇಲೆ ಔಷಧದ ಹೆಸರಿನ ಕೆಳಗೆ ಕನ್ನಡದಲ್ಲಿ ಬರೆದರು: ‘ಕೂಸಿಗೆ ಎರೆಯಬಹುದು, ಜೊತೆಗೆ ಒಬ್ಬರಿರಬೇಕು.’

ಮರುದಿನ ಬಚ್ಚಲಿನಲ್ಲಿ ಸಾವಿತ್ರೀಬಾಯಿ ಗೋಡೆಗೆ ಒರಗಿ, ಸೀರೆ ಮೊಣಕಾಲ ಮೇಲೆ ಸರಿಸಿ ಕಾಲು ಚಾಚಿದಳು. ಹಂಡೆಯ ಕಡೆ ದುರ್ಗವ್ವ, ಈ ಕಡೆ ಗೌತಮಿ. ಐದು ತಿಂಗಳ ಕೂಸು ಈಗ ಕಾಲ ಮೇಲೆ ಹಿಡಿಸದಷ್ಟು ಉದ್ದವಾಗಿತ್ತು, ಪಾದಗಳು ಅಜ್ಜಿಯ ಹೊಟ್ಟೆಗೆ ಒತ್ತುತ್ತಿದ್ದವು. ದುರ್ಗವ್ವ ಹದಮಾಡಿದ ನೀರು ಹಾಕುತ್ತ ಹೋದಳು, ಸಾವಿತ್ರೀಬಾಯಿ ತಿಕ್ಕುತ್ತ ಹೋದಳು. ಎದೆ, ಕಂಕುಳು, ಕತ್ತಿನ ಮಡಿಕೆ, ಒಂದನ್ನೂ ಬಿಡಲಿಲ್ಲ. ಕೂಸು ಅಳಲಿಲ್ಲ. ಒದ್ದೆ ರೆಪ್ಪೆ ಎತ್ತಿ ಅಜ್ಜಿಯ ಮುಖವನ್ನೇ ನೋಡಿತು. ಸಾವಿತ್ರೀಬಾಯಿಗೆ ಸುಖವಾಯಿತು, ತಡೆಯಲಾರದಷ್ಟು ಸುಖವಾಯಿತು.

ಕಡೆಯ ತಂಬಿಗೆಯಾದ ಮೇಲೆ ಗೌತಮಿ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋದಳು.

“ಏಳ್ರಿ ಬಾಯಾರ, ಸೀರಿ ಎಲ್ಲಾ ತೊಯ್ದೈತಿ,” ಎಂದು ದುರ್ಗವ್ವ ಕೈ ಕೊಟ್ಟಳು.

“ತಡಿ,” ಎಂದಳು ಸಾವಿತ್ರೀಬಾಯಿ. ಕಾಲು ಮಡಿಸಲಿಲ್ಲ. ಕೂಸು ಮಲಗಿದ್ದಲ್ಲಿ ಇನ್ನೂ ಬೆಚ್ಚಗಿತ್ತು.