ಎಡಕ್ಕೆ ಎರಡು ಸುತ್ತು

ಕಲ್ಯಾಣದುರ್ಗದ ಮೈದಾನದಲ್ಲಿ ಸುಣ್ಣದ ಗೆರೆಯ ಹಿಂದೆ ಕಾಲಿಟ್ಟು ನಿಂತಾಗ ನನಗೊಂದು ಅರ್ಥವಾಗಲಿಲ್ಲ. ಉಳಿದ ಹುಡುಗಿಯರೆಲ್ಲ ಯಾಕೆ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದಾರೆ?

"ಅಕ್ಕಾ, ಯಾರಿಗೆ ಟಾಟಾ ಮಾಡಾಕೆ ಆ ಕಡಿಕೆ ತಿರಿಕ್ಕಂಡಿದ್ದೀಯ?" ಎಂದಳು ಕಂಬದೂರಿನಿಂದ ಬಂದಿದ್ದವಳೊಬ್ಬಳು. ಎಲ್ಲರೂ ನಕ್ಕರು. ನಾಗರತ್ನ ಮೇಡಂ ಬಂದು ನನ್ನ ಭುಜ ಹಿಡಿದು, ಗೊಂಬೆಯನ್ನು ತಿರುಗಿಸುವಂತೆ ತಿರುಗಿಸಿದರು.

"ಎಡಗೈ ಒಳಗಡೆಗೆ ಬರಬೇಕು ಕಣಮ್ಮ. ಇಷ್ಟು ದಿನ ಹೆಂಗೆ ಓಡ್ದೆ ನೀನು?"

ಹೇಗೆ ಓಡಿದೆ ಎಂದರೆ, ಅಜ್ಜಿಯ ಸುತ್ತ ಓಡಿದೆ.

ಹಿಂದೂಪುರದ ನಮ್ಮ ಕಾಲೇಜಿನ ಆಟೋಟಕ್ಕೆ ತೀರ್ಪುಗಾರರಾಗಿ ಬಂದಿದ್ದ ಮೇಡಂ, ನಾನು ಓಡುವುದನ್ನು ಕಂಡು, ಎಂಟುನೂರು ಮೀಟರಿಗೆ ತಯಾರಾಗು ಎಂದಿದ್ದರು. "ಬೆಳಿಗ್ಗೆ ಹೊತ್ತು ಮೆಲ್ಲಗೆ ಓಡು. ಓಡ್ತಾ ಓಡ್ತಾ ಮಾತಾಡಕ್ಕೂ ಉಸಿರಿರಬೇಕು, ಅಷ್ಟು ಮೆಲ್ಲಗೆ. ಪರೀಕ್ಷೆ ಮುಗಿಸ್ಕೊಂಡು ನಮ್ಮೂರಿಗೆ ಬಾ. ಎರಡು ಸುತ್ತು ನಡೀದಂಗೆ ಓಡಿದ್ರೆ ನನ್ನ ಬ್ಯಾಚಿಗೆ ಸೇರಿಸ್ಕೊಂತೀನಿ. ನಡೆದ್ಯೋ, ಬಂದ ಬಸ್ಸಿಗೇ ವಾಪಸ್." ಅಪ್ಪನೂ ಆ ಮಾತನ್ನೇ ಹಿಡಿದುಕೊಂಡರು. ಸೇರಿಸಿಕೊಂಡರೆ ಕಲ್ಯಾಣದುರ್ಗದ ಚಿಕ್ಕಮ್ಮನ ಮನೆಯಲ್ಲಿದ್ದು ಓಡು, ಇಲ್ಲದಿದ್ದರೆ ಓಟದ ಸುದ್ದಿಯೇ ಬೇಡ.

ಮಾತಾಡುವಷ್ಟು ಉಸಿರು ಉಳಿದಿದೆಯೇ ಎಂದು ತಿಳಿಯಲು ನಮ್ಮ ಮನೆಯಲ್ಲಿದ್ದದ್ದು ಒಂದೇ ದಾರಿ. ನನ್ನ ಅಜ್ಜಿ ಪದ್ಮಾವತಮ್ಮ ಕಥೆ ಹೇಳಿದರೆ ನಾನು ಹೂಂಗುಟ್ಟಬೇಕು. ಹೂಂ ಬೀಳದಿದ್ದರೆ ಅವಳ ಕಥೆಯೊಳಗಿನ ರಾಜ ಎತ್ತಿದ ಕಾಲನ್ನು ಎತ್ತಿದಂತೆಯೇ ನಿಂತುಬಿಡುತ್ತಾನೆ. ಹುಟ್ಟಿದಾಗಿನಿಂದ ಹಾಗೇ. ಬೀದಿಯ ಮಗ್ಗಗಳು ಸದ್ದು ಮಾಡುವ ಮೊದಲು ನಾವಿಬ್ಬರೂ ಅರಳೀಕಟ್ಟೆಗೆ ಹೋಗುತ್ತಿದ್ದೆವು. ಅವಳು ಕಟ್ಟೆಯ ಮೇಲೆ ಕೂತು ಕಥೆ ಹೇಳುವಳು, ನಾನು ಸುತ್ತಲೂ ಓಡುತ್ತ ಹೂಂಗುಟ್ಟುವೆ. ಹೂಂ ತಡವಾದರೆ "ಜೋರಾಯ್ತು ಕಣೇ, ಮೆಲ್ಲಕೆ" ಎನ್ನುವಳು. ಅರಳಿಮರವನ್ನು ಬಲಕ್ಕಿಟ್ಟುಕೊಂಡೇ ಸುತ್ತಿದೆ. ಬೇರೆ ಥರ ಸುತ್ತಬಹುದೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಎಡಕ್ಕೆ ಸುತ್ತುವುದು ಹೆಣವನ್ನು ಮಾತ್ರ.

ಅವಳ ಕಥೆಯಲ್ಲೊಬ್ಬ ರಾಣಿ ಇದ್ದಳು. ಸತ್ತ ಗಂಡ ಎದ್ದು ಬರಲೆಂದು ಮರವನ್ನು ಎಡಕ್ಕೆ ಸುತ್ತಿದವಳು. ಒಂದೊಂದು ಸುತ್ತಿಗೂ ಏನಾದರೊಂದು ಮರೆಯುತ್ತ ಹೋದಳು. ಮೊದಲು ಮನೆಯ ಹಸು, ಆಮೇಲೆ ತಾಯಿಯ ಮುಖ, ಆಮೇಲೆ ತನ್ನದೇ ಹೆಸರು. ಕೊನೆಗೆ ಯಾಕೆ ಸುತ್ತುತ್ತಿದ್ದೇನೆ ಎಂಬುದೂ ಮರೆತು, ಈಗಲೂ ಸುತ್ತುತ್ತಲೇ ಇದ್ದಾಳಂತೆ.

ಮೇಡಂ ಸೀಟಿ ಊದಿದರು.

ಎಲ್ಲರೂ ಬಿಟ್ಟ ಬಾಣದಂತೆ ಹೋದರು. ನಾನೂ ಹೋದೆ. ಮೊದಲ ತಿರುವಿನಲ್ಲೇ ನೆಲ ಓರೆಯಾಯಿತು. ಕನ್ನಡಿಯೊಳಗಿನ ಕೈ ನೋಡಿಕೊಂಡು ಜಡೆ ಹೆಣೆದ ಹಾಗೆ, ಎಡ ಎಂದುಕೊಂಡರೆ ಬಲಗಾಲು ಬರುತ್ತಿತ್ತು. ಹೊರಗೆ ಹೊರಗೆ ಜಾರುತ್ತಿದ್ದೆ. ಮೈದಾನದ ನಡುವೆ ಒಂದು ಹಳೆಯ ಕಲ್ಲಿನ ರೋಲರ್ ಬಿದ್ದಿತ್ತು. ನನ್ನ ಜೊತೆ ಬಸ್ಸು ಹತ್ತಿ ಬಂದಿದ್ದ ಅಜ್ಜಿ, ಅರಳೀಕಟ್ಟೆಯ ಅಭ್ಯಾಸಕ್ಕೆ, ತನ್ನ ಚೀಲದ ಸಮೇತ ಅದರ ಮೇಲೆ ಹೋಗಿ ಕೂತಿದ್ದಳು. ನಾನು ಅರ್ಧ ಸುತ್ತು ದಾಟಿದ್ದೆ. ಅವಳು ಧಡಕ್ಕನೆ ಎದ್ದು ನಿಂತಳು.

"ಏಯ್ ಹುಡ್ಗೀ! ನಿಂತ್ಕಳೇ! ನಾನಿನ್ನೂ ಬದುಕಿವ್ನಿ ಕಣೇ! ಎಡಕ್ಕೆ ಸುತ್ತುತಾಳಲ್ಲಪ್ಪಾ ನನ್ನ!"

"ಆಗೊದ್ದು! ಆಗೊದ್ದು!" ಎಂದು ಗೆರೆಯ ಹತ್ತಿರದಿಂದ ಮೇಡಂ ತೆಲುಗಿನಲ್ಲಿ ಕೂಗಿದರು.

ನಿಲ್ಲು ಎನ್ನುವವಳು ಅಜ್ಜಿ, ನಿಲ್ಲಬೇಡ ಎನ್ನುವವರು ಮೇಡಂ. ನಿಂತರೆ ಬಸ್ಸು. ನಿಲ್ಲದಿದ್ದರೆ? ನಿಜವಾಗಿಯೂ ಅಜ್ಜಿಗೆ ಏನಾದರೂ ಆಗುತ್ತದೆಯೇ? ಹಾಗೆಲ್ಲ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತೇ? ಒಂದು ಸುತ್ತು ಮುಗಿಯಿತು. ನನ್ನ ಮುಂದೆ ಯಾರೂ ಇರಲಿಲ್ಲ, ಏಕೆಂದರೆ ಅವರೆಲ್ಲ ಆಗಲೇ ತಿರುವು ದಾಟಿದ್ದರು. ಎದೆಯೊಳಗೆ ಗಾಳಿಯ ಬದಲು ಮಣ್ಣು ತುಂಬಿದ ಹಾಗಿತ್ತು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ನಡೆಯಲು ತಯಾರಾಗುತ್ತಿರುವುದನ್ನು ನೋಡಿದೆ.

ಆಗ ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು, ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಮೈದಾನಕ್ಕೆ ಅಡ್ಡ ಹೊರಟಳು.

"ಅಜ್ಜೀ, ಟ್ರ್ಯಾಕ್ ಮ್ಯಾಲೆ ಬರಬ್ಯಾಡ!" ಎಂದು ಓಡುತ್ತಲೇ ಕೂಗಿದಳು ಕಂಬದೂರಿನ ಹುಡುಗಿ.

"ನೀನ್ ಸುಮ್ಕಿರಮ್ಮ, ನಾನೇನ್ ಓಡಾಕ್ ಬಂದಿಲ್ಲ!"

ಸುಣ್ಣದ ಗೆರೆಗಳನ್ನೆಲ್ಲ ದಾಟಿ, ಎದುರಿನ ತಿರುವಿನ ಆಚೆ ಬೇಲಿಯ ಕಡೆಗೆ ಹೋಗಿ ನಿಂತಳು. "ಈಗ ನಿನ್ನ ಬಲಕ್ಕೆ ಬಂದ್ಬುಟ್ಟೆ! ಒಳಗೆ ಯಾರೂ ಇಲ್ಲ, ಬರೀ ಕಲ್ಲು. ಬಾ ಈಗ!"

ಬಲಕ್ಕೆ. ಹೌದಲ್ಲ, ಬಲಕ್ಕೇ. ಹಾಗಾದರೆ ನಾನು ಈಗ ಯಾವುದನ್ನು ಸುತ್ತುತ್ತಿದ್ದೇನೆ? ಅಜ್ಜಿಯನ್ನೋ, ಬೇಲಿಯಾಚೆಯ ಇಡೀ ಕಲ್ಯಾಣದುರ್ಗವನ್ನೋ? ಯೋಚನೆ ಮುಗಿಯುವ ಮೊದಲೇ ಅವಳ ಹತ್ತಿರ ಬಂದಿದ್ದೆ.

"ಒಂದೂರಾಗೆ ಒಬ್ಬ ರಾಣಿ ಇದ್ಲಂತೆ," ಎಂದಳು ಅವಳು, ಬೇಲಿಯ ಪಕ್ಕದಲ್ಲೇ ಚುರುಕಾಗಿ ಹೆಜ್ಜೆ ಹಾಕುತ್ತ.

ಹೂಂ ಬರಲಿಲ್ಲ.

"ಜೋರಾಯ್ತು ಕಣೇ, ಮೆಲ್ಲಕೆ. ರಾಣಿ ಇದ್ಲಂತೆ."

ಹೂಂ ಬರುವಷ್ಟು ನಿಧಾನವಾದೆ. ಅದಕ್ಕಿಂತ ನಿಧಾನವಾಗಲಿಲ್ಲ.

"ಹೂಂ."

"ಅವಳಿಗೊಬ್ಬಳು ಮೊಮ್ಮಗಳಂತೆ."

ಆ ಕಥೆಯಲ್ಲಿ ಮೊಮ್ಮಗಳು ಇರಲಿಲ್ಲ. ಕೇಳಲು ಉಸಿರಿರಲಿಲ್ಲ. "ಹೂಂ," ಎಂದೆ. ಅವಳು ಹಿಂದೆ ಉಳಿದಳು. ನಾನು ಒಬ್ಬಳೇ ಹೂಂ, ಹೂಂ ಎನ್ನುತ್ತ ಕೊನೆಯ ತಿರುವು ತಿರುಗಿದೆ. ಗೆರೆಯ ಹತ್ತಿರ ಆ ಹುಡುಗಿಯರೆಲ್ಲ ಆಗಲೇ ನೀರು ಕುಡಿಯುತ್ತ ನಿಂತಿದ್ದರು. ಗೆರೆ ದಾಟಿದ ಮೇಲೂ ಓಡುತ್ತಿದ್ದ ನನ್ನನ್ನು ಕಂಬದೂರಿನ ಹುಡುಗಿ ಅಡ್ಡ ಬಂದು ಹಿಡಿದುಕೊಂಡಳು.

"ಆಯ್ತಕ್ಕಾ, ಆಯ್ತು. ಮನೆಗೋಗೋದು ಬ್ಯಾಡ್ವಾ?"

ಮೇಡಂ ನನ್ನನ್ನೊಮ್ಮೆ, ಏದುಸಿರು ಬಿಡುತ್ತ ಬಂದ ಅಜ್ಜಿಯನ್ನೊಮ್ಮೆ ನೋಡಿದರು. "ಎಲ್ಲರಿಗಿಂತ ಕಡೇಲಿ ಬಂದೆ. ಆದ್ರೆ ನಡೀಲಿಲ್ಲ. ನಾಳೆಯಿಂದ ಬಾ, ತಿರುವಿನಲ್ಲಿ ಹೆಂಗೆ ವಾಲೋದು ಅಂತ ಮೊದಲು ಕಲಿಸ್ತೀನಿ." ಫೋನ್ ತೆಗೆದರು. "ನಮ್ಮ ಗ್ರೂಪಿಗೆ ಸೇರಿಸ್ತೀನಿ. ಹೆಸರೇನಂದ್ಯಮ್ಮ?"

ಬಾಯಿ ತೆರೆದೆ. ಅಪ್ಪನ ಹೆಸರು ಬಂತು, ಕಾಲೇಜಿನ ಹೆಸರು ಬಂತು. ನನ್ನದು ಬರಲಿಲ್ಲ.

"ನೋಡು ಮೇಡಂ, ಎರಡೇ ಸುತ್ತಿಗೆ ಹೆಸರೋಯ್ತು!" ಎಂದಳು ಅಜ್ಜಿ, ಗೆದ್ದವಳಂತೆ. "ಬನಶ್ರೀ ಅಂತ ಹಾಕ್ಕಳಮ್ಮ. ನಾಳಿಕೆ ಇನ್ನೇನು ಮರೀತಾಳೋ, ನಾನೂ ಬತ್ತೀನಿ."

"ನಿಮ್ಮನ್ನ ಎಲ್ಲಿ ಕೂರಿಸೋದು ಅಜ್ಜಿ?"

"ಹೊರಗಡೆ," ಎಂದೆ ನಾನು. "ನನ್ನ ಬಲಕ್ಕೆ." ತೋರಿಸಲು ಕೈ ಎತ್ತಿದವಳು, ಅದು ಬಲಗೈ ಹೌದೋ ಅಲ್ಲವೋ ಎಂದು ಒಮ್ಮೆ ನೋಡಿಕೊಂಡೆ.