ಹೆಡ್ಮೇಷ್ಟ್ರು ಊಟ ಬಿಟ್ಟದ್ದು

ಹನ್ನೊಂದು ದಿನದಿಂದ ಆ ಪ್ರಾಣಿ ಒಂದೇ ಒಂದು ಹುಳ ಮುಟ್ಟಿರಲಿಲ್ಲ. ಅಷ್ಟರಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವರು ಯಾರೂ ಇರಲಿಲ್ಲ. ಹುಳ ಮಾರುವವನಿಗೆ ಬೈದೆ, ಬಲ್ಬ್ ಮಾರಿದವನಿಗೆ ಬೈದೆ, ಕಿಟಕಿ ತೆರೆದಿಟ್ಟಳೆಂದು ಹೆಂಡತಿಗೆ ಬೈದೆ, ಕೊನೆಗೆ ಗಾಜಿಗೆ ಮೂಗು ತಾಗಿಸಿ ಆ ಪ್ರಾಣಿಗೇ ಬೈದೆ. "ತಿನ್ನೋಕೇನಯ್ಯಾ ರೋಗ ನಿನಗೆ?" ಅದು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನನ್ನನ್ನು ನೋಡಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅದು ಗಡ್ಡದ ಓತಿ. ಅಂಗಡಿಯವರು ಬಿಯರ್ಡೆಡ್ ಡ್ರ್ಯಾಗನ್ ಎಂದು ದೊಡ್ಡ ಹೆಸರಿಟ್ಟು ಮಾರುತ್ತಾರೆ. ನೋಡಿದರೆ ಮೊಳದುದ್ದದ ಓತಿಕೇತ, ಗಂಟಲ ಸುತ್ತ ಮುಳ್ಳುಮುಳ್ಳು ಗಡ್ಡ. ಸಿಟ್ಟು ಬಂದರೆ ಆ ಗಡ್ಡವನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಅಕ್ಕ ಅದಕ್ಕೆ ಹೆಡ್ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ಅವಳು. ಎಷ್ಟು ಜನ ಹೆಡ್ಮೇಷ್ಟ್ರುಗಳ ಕೈಕೆಳಗೆ ಬೆಂದಿದ್ದಳೋ ಏನೋ, ನಿವೃತ್ತಿಯಾದ ಮೇಲೆ ಒಬ್ಬನನ್ನು ಪೆಟ್ಟಿಗೆಗೆ ಹಾಕಿ ಸಾಕಿಕೊಂಡಳು. ಮದುವೆಯಾಗಿರಲಿಲ್ಲ. ನಮ್ಮಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅವಳಿಗೆ ಹತ್ತೊಂಬತ್ತು. ನನ್ನನ್ನು ಸಾಕಿದ್ದೂ ಅವಳೇ.

ಏಳು ತಿಂಗಳ ಹಿಂದೆ ಅಕ್ಕನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಪೂರ್ತಿ ನಿಂತಿತು. ಎಡಗೈಗೆ ಪೆನ್ಸಿಲ್ ಕೊಟ್ಟರೆ ಗೀಟು ಬಿಟ್ಟು ಬೇರೇನೂ ಬರಲಿಲ್ಲ. "ಮಾತು ಹೊರಗೆ ಬರ್ತಿಲ್ಲ ಅಷ್ಟೇ. ಅವರಿಗೆ ಎಲ್ಲಾ ಅರ್ಥ ಆಗತ್ತೆ," ಎಂದರು ಆಸ್ಪತ್ರೆಯ ಡಾಕ್ಟರು. ನಾನು ತಲೆಯಾಡಿಸಿದೆ. ಒಳಗೆ ನಂಬಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಕೊಡದವರಿಗೆ ಅರ್ಥವಾಗಿದೆ ಎಂದು ನಂಬುವುದು ನನ್ನಂಥವನಿಗೆ ಕಷ್ಟ.

ಅಕ್ಕನನ್ನು ನಮ್ಮ ಮನೆಗೆ ಕರೆತಂದೆವು. ಜೊತೆಗೆ ಹೆಡ್ಮೇಷ್ಟ್ರೂ ಬಂದರು. ಅವಳ ಮನೆಯಲ್ಲಿದ್ದ ಪೆಟ್ಟಿಗೆ ನೋಡಿ ನನಗೆ ನಾಚಿಕೆಯಾಯಿತು. ಹಳೆಯ ಮೀನಿನ ತೊಟ್ಟಿ, ಮೂಲೆ ಒಡೆದಿತ್ತು, ಮೇಲೆ ತುಕ್ಕು ಹಿಡಿದ ತಂತಿಬಲೆಯ ಮುಚ್ಚಳ. ಇಪ್ಪತ್ತಾರು ವರ್ಷದಿಂದ ಗಾಜಿನ ಅಂಗಡಿ ನಡೆಸುತ್ತಿರುವವನ ಅಕ್ಕನ ಮನೆಯಲ್ಲಿ ಅಂಥ ಕೊಳಕು ತೊಟ್ಟಿಯೇ? ಎರಡು ಭಾನುವಾರ ಕೂತು ಹೊಸದು ಮಾಡಿದೆ. ಐದು ಎಂಎಂ ಗಾಜು, ಅಂಚುಗಳಿಗೆಲ್ಲ ಪಾಲಿಶ್, ಸರಿಸಿ ತೆಗೆಯುವ ಗಾಜಿನದೇ ಮುಚ್ಚಳ, ಗಾಳಿಗೆ ಸಾಲಾಗಿ ಕೊರೆದ ತೂತುಗಳು. ಬಲೆ ಇದ್ದರೆ ಹುಳದ ವಾಸನೆ ಮನೆಯೆಲ್ಲ ಹರಡುತ್ತದೆ ಎಂದು ಹೆಂಡತಿ ಮೂಗು ಮುರಿದಿದ್ದಳು, ಅದೂ ಬಗೆಹರಿಯಿತು. ಕಾವು ಕೊಡುವ ದೀಪ, ಬಿಸಿಲಿನ ಬದಲಿಗೆ ಉದ್ದನೆಯ ಯುವಿ ಟ್ಯೂಬು ಎರಡನ್ನೂ ಮುಚ್ಚಳದ ಮೇಲೆ ಕೂರಿಸಿದೆ. ಪಕ್ಕದ ಮನೆಯವರು ಬಂದು ನೋಡಿ, ಒಡವೆ ಅಂಗಡಿಯ ಶೋಕೇಸ್ ಇದ್ದ ಹಾಗಿದೆ ಎಂದರು. ನಾನು ಎರಡು ದಿನ ಅದೇ ಗುಂಗಿನಲ್ಲಿದ್ದೆ.

ಅಕ್ಕ ಮಾತ್ರ ಅದನ್ನು ನೋಡಿ ಮುಖ ಗಂಟಿಕ್ಕಿದಳು. ಮಾರನೆಯ ದಿನದಿಂದ ಅವಳದೊಂದು ಹೊಸ ಕಾಟ ಶುರುವಾಯಿತು. ನಾನು ಅಂಗಡಿಗೆ ಹೊರಟ ಮೇಲೆ ಗಾಲಿಕುರ್ಚಿಯನ್ನು ಎಡಗಾಲಿನಿಂದ ತಳ್ಳಿಕೊಂಡು ಹೋಗುವುದು, ಎಡಗೈಯಿಂದ ದೀಪಗಳನ್ನು ಪೆಟ್ಟಿಗೆಯ ಅಂಚಿಗೆ ಒತ್ತಿ, ಅವುಗಳ ಕೆಳಗಿನ ಮುಚ್ಚಳ ಸರಿಸಿಬಿಡುವುದು. ಮಧ್ಯಾಹ್ನ ಊಟಕ್ಕೆ ಬಂದವನು ನಾನು ಮುಚ್ಚುತ್ತಿದ್ದೆ. ಬೆಳಗ್ಗೆ ಮತ್ತೆ ತೆಗೆದಿರುತ್ತಿದ್ದಳು. ಅದಕ್ಕೆ ತಿನ್ನಲು ಬಿಟ್ಟ ಮಿಡತೆಗಳು ಹಾರಿ ಅಡಿಗೆಮನೆ ಸೇರಿದವು. ಹಿಟ್ಟಿನ ಡಬ್ಬದಲ್ಲಿ ಒಂದು ಸಿಕ್ಕಾಗ ಹೆಂಡತಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು.

"ಯಾಕಕ್ಕಾ ಹೀಗೆ ಮಾಡ್ತೀಯ?" ಎಂದು ನೂರು ಸಲ ಕೇಳಿದ್ದೇನೆ. ಅವಳು ಟ್ಯೂಬ್ ಕಡೆ ಕೈ ತೋರಿಸುವಳು, ಗಾಜನ್ನು ಬೆರಳಿನಿಂದ ಕುಟ್ಟುವಳು, ಬಾಯಿ ಒದ್ದಾಡುವುದು, ಒಂದು ಅಕ್ಷರವೂ ಹೊರಡದು. ನಾನು, "ಹೂಂ, ಟ್ಯೂಬು, ಉರೀತಿದೆ, ನೋಡಿದೆ," ಎಂದು ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿ ಎದ್ದು ಹೋಗುತ್ತಿದ್ದೆ.

ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಮುಚ್ಚಳ ಅವಳ ಕೈ ಜಾರಿ ಕೆಳಗೆ ಬಿತ್ತು. ಸ್ಪರ್ಶವಿಲ್ಲದ ಆ ಬಲಗಾಲಿನ ಪಕ್ಕದಲ್ಲೇ ಚೂರುಚೂರಾಗಿ ಬಿದ್ದಿತ್ತು ಗಾಜು. ನನ್ನ ಎದೆ ಧಸಕ್ಕೆಂದಿತು, ಹಿಂದೆಯೇ ಪಿತ್ತ ನೆತ್ತಿಗೇರಿತು. ನನ್ನನ್ನು ಸಾಕಿದವಳಿಗೆ ಏನೆಲ್ಲ ಅಂದೆನೋ ಇಲ್ಲಿ ಬರೆಯುವುದಿಲ್ಲ. ಅವತ್ತೇ ಇನ್ನೊಂದು ಮುಚ್ಚಳ ಕೊಯ್ದು ತಂದು ನಾಲ್ಕೂ ಕಡೆ ಸಿಲಿಕಾನ್ ಅಂಟು ಎಳೆದು ಕೂರಿಸಿಬಿಟ್ಟೆ. ಹುಳ ಹಾಕಲು, ಕಸ ತೆಗೆಯಲು ಪಕ್ಕದಲ್ಲಿ ಕೈ ಹಿಡಿಸುವಷ್ಟು ಒಂದು ಬಾಗಿಲು. "ಈಗ ತೆಗಿ ನೋಡೋಣ," ಎಂದೆ.

ಅಕ್ಕ ಅಂಗೈಯಿಂದ ಗಾಜನ್ನು ಬಡಿದಳು. ದಿನವೂ ಬಡಿದಳು. ನಾನು ದಿನವೂ ಅವಳ ಕೈಗುರುತುಗಳನ್ನು ಬಟ್ಟೆ ಹಿಡಿದು ಒರೆಸಿದೆ.

"ಅವಳಿಗೆ ತಿಳಿವಳಿಕೆ ಹೋಗಿದೆ ಕಣೇ," ಎಂದು ಹೆಂಡತಿಗೆ ಹೇಳಿದೆ, ಅಕ್ಕನ ಎದುರಿಗೇ.

"ಮೆಲ್ಲಗೆ ಮಾತಾಡ್ರೀ. ಅತ್ತಿಗೆಗೆ ಕೇಳಿಸತ್ತೆ."

"ಕೇಳಿಸಿದ್ರೇನು, ಅರ್ಥ ಆಗ್ಬೇಕಲ್ಲ!"

ಅದಾದ ಮೂರು ತಿಂಗಳಲ್ಲಿ ನಾವಿಬ್ಬರೂ ಹೈರಾಣಾದೆವು. ಇಂಥವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರವೊಂದಿತ್ತು. ಅಲ್ಲಿಯವರು ಮನೆಗೆ ಬಂದು ಫಾರಂ ಕೊಟ್ಟರು. ಪ್ರಾಣಿಗಳಿಗೆ ಅಲ್ಲಿ ಪ್ರವೇಶವಿಲ್ಲ ಎಂದರು. ‘ರೋಗಿಗೆ ತಿಳಿವಳಿಕೆ ಇದೆಯೇ?’ ಎಂಬ ಸಾಲಿನ ಮುಂದೆ ನಾನು ‘ಇಲ್ಲ’ ಎಂದು ಬರೆದೆ. ಅಕ್ಕ ಮೂರಡಿ ದೂರದಲ್ಲಿ ಕೂತಿದ್ದಳು. ಸೋಮವಾರ ಬೆಳಗ್ಗೆ ಹತ್ತಕ್ಕೆ ಗಾಡಿ ಬರುವುದೆಂದು ನಿಗದಿಯಾಯಿತು.

ಹೆಡ್ಮೇಷ್ಟ್ರು ಆಗಲೇ ಊಟ ಬಿಟ್ಟಿದ್ದರು. ಹಿಂದೆಯೇ ಅಕ್ಕನೂ ಬಿಟ್ಟಳು. ಗಂಜಿಯ ಚಮಚ ತುಟಿಗೆ ತಂದರೆ ಹಲ್ಲು ಕಚ್ಚಿ ಪೆಟ್ಟಿಗೆ ಕಡೆ ತಿರುಗುವಳು. ನಾಲ್ಕು ದಿನ ಬರೀ ನೀರು ಕುಡಿದುಕೊಂಡು ಇದ್ದಳು. ಆಗ ನನಗೆ ಭಯವಾಯಿತು. ನನಗೆ ಭಯವಾದರೆ ಅದೂ ಸಿಟ್ಟಾಗಿಯೇ ಹೊರಗೆ ಬರುತ್ತದೆ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕಾವು ಸಾಲದೇನೋ ಎಂದು ದೊಡ್ಡ ದೀಪ ಹಾಕಿದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಮೈ ಕಾಯಿಸುವ ಕಲ್ಲಿನ ಮೇಲೆ ನಲವತ್ತು, ಆ ಕಡೆ ನೆರಳಿನಲ್ಲಿ ಇಪ್ಪತ್ತಾರು, ಸರಿಯಾಗಿಯೇ ಇತ್ತು. ಹೊಟ್ಟೆಗೆ ಮರಳು ಹೋಗಿರಬಹುದೆಂದು ಮರಳನ್ನೆಲ್ಲ ತೋಡಿ ಟೈಲ್ಸ್ ಹಾಸಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆ. ಸೊಪ್ಪು, ಕುಂಬಳಕಾಯಿ ತುರಿ, ಮೂರು ಜಾತಿ ಹುಳ ಇಟ್ಟೆ. ಅದು ಹುಳದ ಹತ್ತಿರ ಹೋಗುವುದು, ನಾಲಿಗೆ ಚಾಚುವುದು, ಬಾಯಿ ಅರ್ಧ ತೆರೆದು ಹಿಂದೆ ಸರಿಯುವುದು. ಹುಳ ಮಾರುವವನ ಅಂಗಡಿಗೆ ಹೋಗಿ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದೆ.

"ಹುಳ ಹಳೇದಲ್ಲ ಸ್ವಾಮಿ," ಎಂದ ಅವನು. "ನನ್ನ ಮೇಲೆ ಕೂಗಾಡಿದ್ರೆ ಅದು ತಿನ್ನತ್ತಾ? ಪ್ರಾಣಿ ಡಾಕ್ಟರಿಗೆ ತೋರಿಸಿ."

ಶನಿವಾರ ಬೆಳಗ್ಗೆ ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೆಡ್ಮೇಷ್ಟ್ರನ್ನು ತಕ್ಕಡಿಯ ಮೇಲೆ ಇಟ್ಟಳು, ಹೆಬ್ಬೆರಳಿನಿಂದ ದವಡೆ ಒತ್ತಿದಳು. ದವಡೆ ಬಗ್ಗಿತು. ಹಿಂಗಾಲು ನಡುಗುತ್ತಿತ್ತು.

"ಇದಕ್ಕೆ ಹಸಿವಿಲ್ಲ ಅಂತಲ್ಲ ಸರ್. ಮೂಳೆ ಮೆತ್ತಗಾಗಿದೆ. ಅಗಿಯೋಕೆ ಹೋದ್ರೆ ನೋಯತ್ತೆ. ಯುವಿ ಟ್ಯೂಬ್ ಹಾಕಿದೀರಾ?"

"ಹಾಕಿದೀನಿ. ಹೊಸದು. ಚೆನ್ನಾಗಿ ಉರೀತಿದೆ."

"ಎಲ್ಲಿ ಹಾಕಿದೀರಿ?"

"ಮುಚ್ಚಳದ ಮೇಲೆ."

"ಮುಚ್ಚಳ ಯಾವುದರದ್ದು?"

ಕೇಳುವುದನ್ನೇ ಕಾಯುತ್ತಿದ್ದೆ ನಾನು. ಫೋನ್ ತೆಗೆದು ಪೆಟ್ಟಿಗೆಯ ಫೋಟೋ ತೋರಿಸಿದೆ. "ಐದು ಎಂಎಂ. ನಾನೇ ಮಾಡಿದ್ದು. ಗಾಜಿನಲ್ಲಿ ಒಂದು ಗುಳ್ಳೆ ತೋರಿಸಿ ನೋಡೋಣ."

ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು. "ಗಾಜು ಹಾಕಿದ್ರೆ ಟ್ಯೂಬ್ ಇದ್ದೂ ಇಲ್ಲದ ಹಾಗೆ ಸರ್. ನಮ್ಮ ಕಣ್ಣಿಗೆ ಕಾಣೋ ಬೆಳಕು ಒಳಗೆ ಬರತ್ತೆ. ಇದಕ್ಕೆ ಬೇಕಾದ ಕಿರಣ ಗಾಜು ದಾಟಲ್ಲ. ಆ ಕಿರಣ ಇಲ್ಲದೆ ಎಷ್ಟು ಕ್ಯಾಲ್ಸಿಯಂ ತಿಂದ್ರೂ ಮೈಗೆ ಹತ್ತಲ್ಲ."

"ಏನಮ್ಮಾ," ಎಂದೆ, ದನಿ ಏರಿಯೇಬಿಟ್ಟಿತು. "ಇಪ್ಪತ್ತಾರು ವರ್ಷದಿಂದ ಗಾಜಿನ ಕೆಲಸ ಮಾಡ್ತಿದೀನಿ. ಗಾಜಿನ ವಿಷಯ ನೀವು ನನಗೆ ಹೇಳಿಕೊಡ್ತೀರಾ?"

ಅಂದ ಬಾಯಿ ಅಲ್ಲೇ ನಿಂತಿತು. ಅಂಗಡಿಗೆ ಬರುವ ಪ್ರತಿಯೊಬ್ಬ ಗಿರಾಕಿಗೂ ನಾನು ಹೇಳುವ ಮಾತೇನು? ‘ಕಿಟಕಿಗೆ ಈ ಗಾಜು ಹಾಕ್ಸಿ ಸ್ವಾಮಿ, ಸೋಫಾ ಬಣ್ಣ ಬಿಡಲ್ಲ, ಬಿಸಿಲಿಗೆ ಕೂತ್ರೂ ಚರ್ಮ ಸುಡಲ್ಲ, ಆ ಕಿರಣ ಎಲ್ಲಾ ಆಚೆಗೇ ನಿಂತ್ಹೋಗತ್ತೆ.’ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನಿನ್ನೆ ಕೂಡ ಹೇಳಿದ್ದೆ. ಮನೆಯ ಪೆಟ್ಟಿಗೆಯ ಮುಂದೆ ಒಂದು ಸಲವೂ ನೆನಪಾಗಿರಲಿಲ್ಲ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು.

"ಈ ಮುಚ್ಚಳ ಹಾಕಿ ಎಷ್ಟು ದಿನ ಆಯ್ತು?" ಡಾಕ್ಟರು ಬರೆದುಕೊಳ್ಳುತ್ತಾ ಕೇಳಿದಳು.

"ಐದೂವರೆ ತಿಂಗಳು."

"ಅಷ್ಟು ದಿನ ಆಗಿದ್ರೆ ಇನ್ನೂ ಕೆಟ್ಟು ಹೋಗಿರ್ಬೇಕಿತ್ತಲ್ಲ. ನಡುವೆ ಯಾವಾಗಾದ್ರೂ ತೆಗೆದಿಡ್ತಿದ್ರಾ?"

"ಮೊದಲೆರಡು ತಿಂಗಳು ನಮ್ಮಕ್ಕ..." ಎಂದೆ. "ನಮ್ಮಕ್ಕ ದಿನಾ ಬೆಳಗ್ಗೆ ತೆಗೆದುಬಿಡ್ತಿದ್ಳು. ಆಮೇಲೆ ನಾನು ಅಂಟಿಸಿಬಿಟ್ಟೆ."

"ಅವರು ತೆಗೀತಿದ್ದದ್ದಕ್ಕೇ ಇದು ಇವತ್ತು ಉಸಿರಾಡ್ತಿದೆ. ಅವರಿಗೆ ಗೊತ್ತಿತ್ತಲ್ಲ, ನಿಮಗೆ ಹೇಳಲಿಲ್ವಾ?"

ಹನಿ ಔಷಧದ ಚೀಟಿ ಕಿತ್ತುಕೊಂಡವನಂತೆ ತೆಗೆದುಕೊಂಡು ಹೊರಗೆ ಬಂದೆ.

ಮನೆಗೆ ಹೋದವನೇ ಚಪ್ಪಲಿಯನ್ನೂ ಬಿಡದೆ ಬ್ಲೇಡು ಹಾಕಿ ಸಿಲಿಕಾನ್ ಕೊಯ್ದೆ. ಇಪ್ಪತ್ತಾರು ವರ್ಷದ ಕೈ, ಆದರೂ ಹೆಬ್ಬೆರಳು ಕೊಯ್ದುಕೊಂಡೆ. ಮುಚ್ಚಳ ಎತ್ತಿ ಹಿತ್ತಲಿಗೆ ಒಯ್ದು ಗೋಡೆಗೆ ಬೀಸಿದೆ. ಹೆಂಡತಿ ಓಡಿ ಬಂದಳು.

"ರೀ, ನಿಮಗೇನು ಹುಚ್ಚು ಹಿಡಿದಿದೆಯಾ?"

"ಹಿಡಿದಿತ್ತು," ಎಂದೆ. "ಆ ಆರೈಕೆ ಕೇಂದ್ರದ ನಂಬರ್ ಕೊಡು."

ಫೋನಿನಲ್ಲಿದ್ದ ಹೆಂಗಸು, ಎಲ್ಲ ಸಿದ್ಧವಾಗಿದೆ, ಈಗ ಬೇಡವೆಂದರೆ ಹೇಗೆ ಎಂದು ರಾಗ ಎಳೆದಳು. "ನೀವೇ ಬರೆದುಕೊಟ್ಟಿದೀರಲ್ಲ ಸರ್, ತಿಳಿವಳಿಕೆ ಇಲ್ಲ ಅಂತ."

"ಅದು ನನಗಿಲ್ಲ," ಎಂದು ಕೂಗಿ ಫೋನ್ ಇಟ್ಟೆ.

ಪೆಟ್ಟಿಗೆಗೆ ತಂತಿಬಲೆ ಕಟ್ಟಿ, ಟ್ಯೂಬನ್ನು ಅದರ ಒಳಗೆ, ಕಲ್ಲಿನಿಂದ ಒಂದಡಿ ಎತ್ತರಕ್ಕೆ ತೂಗುಹಾಕಿದೆ. ಅಷ್ಟೂ ಹೊತ್ತು ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಅವತ್ತು ಸಂಜೆ ಗಂಜಿ ಕುಡಿದಳು, ಹೆಂಡತಿಯ ಕೈಯಿಂದ. ನಾನು ಚಮಚ ಹಿಡಿದರೆ ಮುಖ ತಿರುಗಿಸಿದಳು. ಎಂಟು ದಿನ ಅದೇ ನಡೆಯಿತು. ಹೆಡ್ಮೇಷ್ಟ್ರ ಬಾಯಿಗೆ ಔಷಧದ ಹನಿ ಬಿಡುವುದಕ್ಕೂ ನನ್ನನ್ನು ಹತ್ತಿರ ಸೇರಿಸಲಿಲ್ಲ, ಹೆಂಡತಿಯೇ ಮೂಗು ಮುಚ್ಚಿಕೊಂಡು ಬಿಟ್ಟಳು.

ಒಂಬತ್ತನೆಯ ದಿನ, ಬೆಳಗಿನ ಹನ್ನೊಂದರ ಹೊತ್ತಿಗೆ, ಅಕ್ಕ ಎಡಗೈ ಬೆರಳಿನಲ್ಲಿ ಮೆತ್ತನೆಯ ಹುಳ ಹಿಡಿದು ಪೆಟ್ಟಿಗೆಯೊಳಗೆ ಚಾಚಿದಳು. ಹೆಡ್ಮೇಷ್ಟ್ರು ತಲೆ ಎತ್ತಿದರು. ಕತ್ತು ಓರೆ ಮಾಡಿ ನೋಡಿದರು. ಲಟಕ್ಕನೆ ನಾಲಿಗೆ ಚಾಚಿ ಎಳೆದುಕೊಂಡು, ನಿಧಾನವಾಗಿ ಅಗಿದು ನುಂಗಿದರು.

"ತಿಂದ! ಅಕ್ಕಾ, ತಿಂದ ಕಣೇ!" ಎಂದು ಕೂಗಿದೆ. ಎಂಟು ದಿನದಿಂದ ಬಾಯಿಪಾಠ ಮಾಡಿದ್ದನ್ನೆಲ್ಲ ಅವಳ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. "ನಿನಗೆ ಎಲ್ಲಾ ಗೊತ್ತಿತ್ತು. ನಾನೇ ಕೇಳಿಸಿಕೊಳ್ಳಲಿಲ್ಲ. ತಪ್ಪಾಯ್ತಕ್ಕಾ."

ಅಕ್ಕನ ಮುಖ ಕೆಂಪಾಯಿತು. ತುಟಿ ಒದ್ದಾಡತೊಡಗಿತು. ಹಾಳು ಅಭ್ಯಾಸ, ನಾನು ಶುರು ಮಾಡಿಬಿಟ್ಟೆ. "ನೀರಾ? ದಿಂಬು ಸರಿ ಮಾಡ್ಲಾ? ಬಾತ್‌ರೂಮಿಗಾ?" ಅವಳ ಎಡಗೈ ಕುರ್ಚಿಯ ತೋಳಿಗೆ ದಢಾರನೆ ಬಡಿಯಿತು.

"ಮುಟ್ಠಾಳ!" ಎಂದಳು.

ಒಂದಕ್ಷರವೂ ತೊದಲಲಿಲ್ಲ. ಹಿಂದಿನ ಬೆಂಚಿಗೂ ಕೇಳಿಸುವಂಥ ದನಿ. ಅಡಿಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. "ಯಾರ್ರೀ ಮಾತಾಡಿದ್ದು?"

"ಅಕ್ಕ."

"ಅಯ್ಯೋ, ಏನಂದ್ರು?"

ನಾನು ಹೇಳಿದೆ. ಹೆಂಡತಿಗೆ ನಗು ಬಂತು, ಅಳುವೂ ಬಂತು. ಅಕ್ಕ ನಗಲಿಲ್ಲ. ಇನ್ನೊಂದು ಮಾತಿಗೆ ಹುಡುಕಾಡಿದಳು, ಸಿಗಲಿಲ್ಲ, ಅದನ್ನೇ ಮತ್ತೆ ಹೇಳಿದಳು. ಮೂರನೆಯ ಸಲ ಹೇಳುವಾಗ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಏಳು ತಿಂಗಳು ನಾನು ಅವಳ ಎದುರಿಗೇ ಕೂತು, ಅವಳು ಅಲ್ಲಿಲ್ಲವೇ ಇಲ್ಲ ಎಂಬಂತೆ ಆಡಿದ್ದೆಲ್ಲವನ್ನೂ ಅವಳು ಕೇಳಿಸಿಕೊಂಡಿದ್ದಳು. ಅಷ್ಟಕ್ಕೂ ಉತ್ತರ ಕೊಡಲು ಅವಳ ಹತ್ತಿರ ಇದ್ದದ್ದು ಅದೊಂದೇ ಮಾತು.

ಜೀವಮಾನದಲ್ಲಿ ಯಾರಾದರೂ ಬೈದರೆ ನಾನು ಸುಮ್ಮನೆ ಕೇಳಿಸಿಕೊಂಡವನಲ್ಲ. ಅವತ್ತು ಕುರ್ಚಿಯ ಮುಂದೆ ನೆಲಕ್ಕೆ ಕೂತೆ.

"ಹೇಳಕ್ಕಾ," ಎಂದೆ. "ಇನ್ನೂ ಹೇಳು."

ಅವಳು ಹೇಳಿದಳು.